ಅಚ್ಚುಕಟ್ಟಿನ ಒಳಗೂ ಹೊರಗೂ: ಸಮಾಜನ್ಯಾಯದ ಒಂದು ತತ್ತ್ವವಿಚಾರ

(ಪಾಂಡವಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ತನ್ನ ಸಂಪತ್ತಿನ ಒಂದಂಶವನ್ನು ತಾನೆಂದೂ ಕಾಣದ ಜನಕ್ಕಾಗಿ, ತನಗೆ ಪ್ರತಿಯಾಗಿ ಏನನ್ನೂ ಕೊಡಲಾರದ ಮುಂದಿನ ತಲೆಮಾರಿಗಾಗಿ, ಒಬ್ಬ ಗೃಹಸ್ಥನು ತೆಗೆದಿರಿಸುವುದೇ ದತ್ತಿಯಾದುದರಿಂದ, ಅದರ ಆಶ್ರಯದಲ್ಲಿ ನಡೆಯತಕ್ಕ ಉಪನ್ಯಾಸಕ್ಕೆ ಸಮಾಜನ್ಯಾಯವನ್ನೂ ಲೋಕಹಿತವನ್ನೂ ವಿಷಯವಾಗಿ ಆರಿಸಿಕೊಂಡರೆ ಅದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ. ಈ ವಿಷಯವನ್ನು ಕುರಿತು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಬೆಳೆದಿರುವ ವಾಙ್ಮಯ ಅಪಾರವಾದದ್ದು. ಅದೆಲ್ಲವನ್ನೂ ಒಂದು ಸಂಜೆಯಲ್ಲಿ ಸಂಗ್ರಹಿಸಿ ಹೇಳುವ ಸಾಹಸಕ್ಕೆ ನಾನು ಹೊರಟಿಲ್ಲ. ಆ ವಾಙ್ಮಯದ ಕೆಲವು ಮುಖ್ಯ ಸಿದ್ಧಾಂತಗಳನ್ನು ನಮ್ಮ ಕಣ್ಣೆದುರಿನ ನೆಲದ ಮೇಲಿಳಿಸಿ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ನೀರಿನ ಚರಿತ್ರೆಯಲ್ಲಿ ಅವು ಎಷ್ಟರಮಟ್ಟಿಗೆ ನಿಲ್ಲುತ್ತವೆ, ಎಲ್ಲಿ ಕುಸಿಯುತ್ತವೆ ಎಂಬುದನ್ನು ನೋಡುವುದಷ್ಟೇ ನನ್ನ ಉದ್ದೇಶ.

ನನ್ನ ಪ್ರತಿಪಾದನೆಯನ್ನು ಆರಂಭದಲ್ಲಿಯೇ ಮುಂದಿಡುವುದು ಲೇಸು. ಪಾಲು ಹಂಚುವ ನಿಯಮ ಎಷ್ಟೇ ನಿರ್ದುಷ್ಟವಾಗಿರಲಿ, ಪಾಲುದಾರರು ಯಾರು ಎಂಬ ಎಣಿಕೆ ಆ ನಿಯಮಕ್ಕೂ ಮೊದಲೇ ಮುಗಿದಿರುತ್ತದೆ. ಅನ್ಯಾಯದ ಬಹುಭಾಗ ನಡೆಯುವುದು ಹಂಚಿಕೆಯಲ್ಲಲ್ಲ, ಆ ಮೊದಲ ಎಣಿಕೆಯಲ್ಲಿ. ನೀರಾವರಿಯ ಪರಿಭಾಷೆಯಲ್ಲಿ ಹೇಳುವುದಾದರೆ, ಅಚ್ಚುಕಟ್ಟಿನೊಳಗಿನ ನ್ಯಾಯವನ್ನು ಕುರಿತು ನಾವು ಬಹಳ ಚಿಂತಿಸಿದ್ದೇವೆ. ಅಚ್ಚುಕಟ್ಟಿನ ಗಡಿಯನ್ನು ಎಳೆಯುವಾಗ ಪಾಲಿಸಬೇಕಾದ ನ್ಯಾಯವನ್ನು ಕುರಿತು ಚಿಂತಿಸಿರುವುದು ಅಲ್ಪ.

1

ನಮ್ಮ ಪ್ರಾಚೀನರು ರಾಜ್ಯದ ಅವಶ್ಯಕತೆಯನ್ನು ಮತ್ಸ್ಯನ್ಯಾಯದ ಮೂಲಕ ವಿವರಿಸಿದರು. ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ. ಅದನ್ನು ತಡೆಯುವುದಕ್ಕಾಗಿಯೇ ಅರಸು ಬೇಕು ಎಂಬ ಈ ವಾದವು ಮಹಾಭಾರತದ ಶಾಂತಿಪರ್ವದಲ್ಲಿಯೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ದೊರೆಯುತ್ತದೆ. ಆದರೆ ನುಂಗುವುದನ್ನು ತಡೆದ ಮಾತ್ರಕ್ಕೆ ಹಂಚುವ ಪ್ರಶ್ನೆ ಬಗೆಹರಿಯುವುದಿಲ್ಲ. ಒಂದು ನದಿಗೆ ಕಟ್ಟೆ ಹಾಕಿದ ಮೇಲೆ, ಕಟ್ಟೆಗೆ ಕಾವಲಿಟ್ಟ ಮೇಲೆ, ಕಳ್ಳತೂಬುಗಳನ್ನೆಲ್ಲ ಮುಚ್ಚಿಸಿದ ಮೇಲೆಯೂ, ಈ ನೀರು ಮೊದಲು ಯಾವ ಗದ್ದೆಗೆ, ಎಷ್ಟು ದಿನ, ಯಾವ ಬೆಳೆಗೆ ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ.

ಆ ಪ್ರಶ್ನೆಗೆ ಈ ನಾಲ್ಕು ತಾಲ್ಲೂಕುಗಳಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಇವು ನಾಲ್ಕೂ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಮಂಡ್ಯ ಜಿಲ್ಲೆಯ ಅಂಗಗಳು. ಒಂದೇ ಭಾಷೆ, ಹೆಚ್ಚುಕಡಿಮೆ ಒಂದೇ ಆಚಾರ, ರಾಗಿಮುದ್ದೆಯ ಒಂದೇ ಊಟ. ಆದರೆ ನೀರಿನ ದೃಷ್ಟಿಯಿಂದ ಇವು ನಾಲ್ಕು ಬೇರೆ ಬೇರೆ ಲೋಕಗಳು. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವೆ ಕುಳಿತಿರುವ ದ್ವೀಪ. ಅದರ ಸುತ್ತಣ ಬಯಲಿಗೆ ಹದಿನೇಳನೆಯ ಶತಮಾನದಿಂದಲೇ ಅಣೆಕಟ್ಟುಗಳ ನೀರು ಹರಿದಿದೆ. ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರವು ಒಂದು ಕಡೆ ತೊಣ್ಣೂರು ಕೆರೆಯನ್ನೂ ವಿಶ್ವೇಶ್ವರಯ್ಯ ನಾಲೆಯನ್ನೂ ಕಂಡಿದ್ದರೆ, ಇನ್ನೊಂದು ಕಡೆ ಮೇಲುಕೋಟೆಯ ಬೆಟ್ಟಸಾಲಿನ ಬರಡನ್ನೂ ಹೊತ್ತಿದೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ಹರಿಯುತ್ತಾಳೆ. ಮಂದಗೆರೆ, ಹೇಮಗಿರಿಗಳ ಕಟ್ಟೆಗಳಿಂದ ನದಿಯ ಅಂಚಿನ ಗ್ರಾಮಗಳು ಹಸಿರಾದರೂ, ನದಿಗಿಂತ ಎತ್ತರದಲ್ಲಿರುವ ಹಳ್ಳಿಗಳು ಬಹುಕಾಲ ಮಳೆಯ ದಾರಿಯನ್ನೇ ಕಾದವು. ಇನ್ನು ನಾಗಮಂಗಲ: ಸೌಮ್ಯಕೇಶವನ ದೇಗುಲ, ಕಂಬದಹಳ್ಳಿಯ ಜೈನ ಬಸದಿ, ಆದಿಚುಂಚನಗಿರಿ, ಹಿತ್ತಾಳೆಯ ಕುಶಲಕೆಲಸ ಇವೆಲ್ಲ ಉಂಟು, ನೀರೊಂದು ಮಾತ್ರ ಸಾಲದು. ರಾಗಿ, ಹುರುಳಿ, ತೆಂಗುಗಳನ್ನು ನೆಚ್ಚಿಕೊಂಡ ಈ ಸೀಮೆಯ ಮಕ್ಕಳು ಬೆಂಗಳೂರಿನ ದಾರಿ ಹಿಡಿದು ಎಷ್ಟೋ ಕಾಲವಾಯಿತು. ವಿಚಿತ್ರವೇನೆಂದರೆ, ನಾಗಮಂಗಲದ ಕಡೆಯಿಂದ ಇಳಿದುಬರುವ ಲೋಕಪಾವನಿಯು ಕರೀಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸೀಮೆಯು ತನ್ನ ಮಳೆಯ ಪಾಲನ್ನು ಕಾವೇರಿಗೆ ಕೊಡುವುದುಂಟು, ಕಾವೇರಿಯ ನಾಲೆ ಮಾತ್ರ ಆ ಸೀಮೆಗೆ ಹತ್ತಲಿಲ್ಲ.

2

ಜೆರೆಮಿ ಬೆಂಥಾಮನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೀತಿಗೂ ಶಾಸನಕ್ಕೂ ಒಂದೇ ಅಳತೆಗೋಲನ್ನು ಕೊಟ್ಟನು. ಯಾವ ಕಾರ್ಯದಿಂದ ಜನರ ಸುಖದ ಒಟ್ಟು ಮೊತ್ತವು ಅತಿಶಯವಾಗಿ ಬೆಳೆಯುವುದೋ ಅದೇ ಸರಿಯಾದ ಕಾರ್ಯ. ಅರಸನ ಸುಖಕ್ಕೂ ಆಳಿನ ಸುಖಕ್ಕೂ ತೂಕದಲ್ಲಿ ಭೇದವಿಲ್ಲ. ಜಾನ್ ಸ್ಟುವರ್ಟ್ ಮಿಲ್ಲನು ಇದನ್ನು ಸಂಸ್ಕರಿಸಿದನು; ಕೇಂಬ್ರಿಜ್ಜಿನ ಪಿಗೂ 1920ರಲ್ಲಿ ಹೊರತಂದ ಗ್ರಂಥದಲ್ಲಿ ಇದು ಕಲ್ಯಾಣದ ಅರ್ಥಶಾಸ್ತ್ರವಾಗಿ ಬೆಳೆಯಿತು. ಈ ಉಪಯುಕ್ತತಾವಾದವನ್ನು ಶುಷ್ಕವೆಂದು ಹಳಿಯುವುದು ಇಂದಿನ ವಾಡಿಕೆಯಾಗಿದ್ದರೂ, ತನ್ನ ಕಾಲದಲ್ಲಿ ಅದೊಂದು ಮಹಾ ಔದಾರ್ಯದ ತತ್ತ್ವವಾಗಿತ್ತೆಂಬುದನ್ನು ಮರೆಯಬಾರದು.

ಕನ್ನಂಬಾಡಿಯ ಕಟ್ಟೆ ಈ ತತ್ತ್ವದ ಶಿಲಾರೂಪವೆಂದರೆ ತಪ್ಪಾಗಲಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೊದಲು ಮುಖ್ಯ ಇಂಜಿನಿಯರರಾಗಿಯೂ 1912ರಿಂದ ದಿವಾನರಾಗಿಯೂ ಇದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಸಂಕಲ್ಪದಂತೆ 1911ರಲ್ಲಿ ಆರಂಭವಾಗಿ, 1930ರ ದಶಕದ ಆದಿಯಲ್ಲಿ ಮುಗಿದ ಈ ಜಲಾಶಯವು, ಶಿವನಸಮುದ್ರದ ವಿದ್ಯುದಾಗಾರಕ್ಕೆ ವರ್ಷವಿಡೀ ಸ್ಥಿರವಾದ ಪ್ರವಾಹವನ್ನು ಒದಗಿಸಿತು. ಅದಕ್ಕೂ ಮಿಗಿಲಾಗಿ, ವೈಸರಾಯ್ ಇರ್ವಿನ್ನರ ಹೆಸರು ಹೊತ್ತು ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಿಸಿಕೊಂಡ ಮಹಾಕಾಲುವೆಯನ್ನು ಹುಲಿಕೆರೆಯ ಸುರಂಗದೊಳಗೆ ಹಾಯಿಸಿ, ಖುಷ್ಕಿಯಾಗಿದ್ದ ಮಂಡ್ಯದ ಸೀಮೆಯನ್ನು ಗದ್ದೆಯಾಗಿ ಮಾರ್ಪಡಿಸಿತು. ಮೈಸೂರಿಗೂ ಮದರಾಸಿಗೂ ನಡೆದ 1924ರ ಒಪ್ಪಂದವು ಈ ಜಲಾಶಯದ ಕೆಳಗೆ 1,25,000 ಎಕರೆಯ ಹೊಸ ನೀರಾವರಿಗೆ ಅವಕಾಶ ಕೊಟ್ಟಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ನೆಲೆಗೊಂಡಿತು. ಪಾಂಡವಪುರಕ್ಕೂ ಮುಂದೆ ಸಹಕಾರಿ ಸಕ್ಕರೆ ಕಾರ್ಖಾನೆ ಬಂದಿತು. ಸುಖದ ಮೊತ್ತವನ್ನು ಬೆಂಥಾಮನ ತಕ್ಕಡಿಯಲ್ಲಿ ತೂಗಿದರೆ ಕಟ್ಟೆಗೆ ಪೂರ್ಣಾಂಕ ಸಲ್ಲಲೇಬೇಕು.

ಆದರೆ ಮೊತ್ತವೆಂಬುದು ಕೂಡುವುದರಿಂದಲೂ ಕಳೆಯುವುದರಿಂದಲೂ ಆಗತಕ್ಕದ್ದು; ಕಳೆದ ಅಂಕಿಗೆ ಒಂದು ಮುಖವಿರುತ್ತದೆ. ಕನ್ನಂಬಾಡಿ ಎಂಬ ಊರೇ, ತನ್ನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇಗುಲದೊಡನೆ, ನೀರಿನ ಕೆಳಗೆ ಹೋಯಿತು. ಸುತ್ತಣ ಅನೇಕ ಗ್ರಾಮಗಳೂ ಅದರ ಹಾದಿ ಹಿಡಿದವು. ಊರು ಹೊಸ ಕನ್ನಂಬಾಡಿಯಾಗಿ ಪಾಂಡವಪುರ ತಾಲ್ಲೂಕಿನಲ್ಲಿ ಮರುಹುಟ್ಟು ಪಡೆಯಿತೆಂಬುದೂ, ಆ ದೇಗುಲವನ್ನು ಈ ಶತಮಾನದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಪುನಃ ಕಟ್ಟಿದರೆಂಬುದೂ ನಿಜ. ಇಲ್ಲಿ ಅರ್ಥಶಾಸ್ತ್ರಜ್ಞರ ಒಂದು ಸೂಕ್ಷ್ಮ ವಾದವನ್ನು ನೆನೆಯಬೇಕು. ಯಾರೊಬ್ಬರಿಗೂ ನಷ್ಟವಾಗದೆ ಕೆಲವರಿಗೆ ಲಾಭವಾದರೆ ಮಾತ್ರ ಕ್ಷೇಮವು ಹೆಚ್ಚಿತೆನ್ನಬಹುದೆಂಬುದು ಇಟಲಿಯ ಪಾರೇಟೋವಿನ ನಿಯಮ. ಇಷ್ಟು ಕಟ್ಟುನಿಟ್ಟಾದರೆ ಲೋಕದಲ್ಲಿ ಒಂದು ರಸ್ತೆಯನ್ನೂ ಹಾಕಲಾಗದು. ಆದುದರಿಂದ 1939ರಲ್ಲಿ ಕಾಲ್ಡರ್ ಮತ್ತು ಹಿಕ್ಸ್ ಎಂಬ ಇಬ್ಬರು ಪಂಡಿತರು ಅದನ್ನು ಸಡಿಲಿಸಿ, ಲಾಭ ಪಡೆದವರು ನಷ್ಟ ಹೊಂದಿದವರಿಗೆ ಪರಿಹಾರ ಕೊಟ್ಟೂ ತಮಗಿಷ್ಟು ಉಳಿಸಿಕೊಳ್ಳಬಲ್ಲವರಾದರೆ ಆ ಕಾರ್ಯ ಸರಿಯೆಂದರು. ಕೊಡಬಲ್ಲವರಾದರೆ ಸಾಕು, ನಿಜವಾಗಿ ಕೊಡಬೇಕಾದುದಿಲ್ಲ! ತರ್ಕದ ಮಟ್ಟಿಗೆ ಇದು ಚತುರವಾದ ಉಪಾಯ. ಆದರೆ ಮುಳುಗಿದ ಊರಿನವನಿಗೆ, ನಿನ್ನ ನಷ್ಟವನ್ನು ತುಂಬಿಕೊಡುವಷ್ಟು ಲಾಭ ಕೆಳಗಿನ ಬಯಲಿನಲ್ಲಿ ಆಗಿದೆ, ಆದುದರಿಂದ ನೀನು ಕ್ಷೇಮವಾಗಿದ್ದೀಯೆ ಎಂದು ಹೇಳಿದರೆ ಅವನು ಏನೆಂದುಕೊಂಡಾನು? ಮೊತ್ತವನ್ನು ಎಣಿಸುವ ಸಿದ್ಧಾಂತಕ್ಕೆ ಮನುಷ್ಯರು ಒಬ್ಬರಿಂದೊಬ್ಬರು ಬೇರೆ ಎಂಬ ಸಾಮಾನ್ಯ ಸತ್ಯವೇ ಮರೆತುಹೋಗುತ್ತದೆಂದು ಮುಂದೆ ಜಾನ್ ರಾಲ್ಸನು ಹೇಳಿದ್ದು ಇಂತಹ ಕಡೆಗಳನ್ನು ಕುರಿತೇ.

3

ಮೊತ್ತದ ವಾದಕ್ಕೆ ಎದುರಾಗಿ ನಿಂತಿರುವುದು ಹಕ್ಕಿನ ವಾದ. ಹದಿನೇಳನೆಯ ಶತಮಾನದ ಜಾನ್ ಲಾಕನು, ಯಾರ ಶ್ರಮವು ಪ್ರಕೃತಿಯೊಡನೆ ಬೆರೆಯಿತೋ ಅವನದೇ ಆ ವಸ್ತು ಎಂದನು. 1974ರಲ್ಲಿ ರಾಬರ್ಟ್ ನೋಜಿಕನು ಇದೇ ಸೂತ್ರವನ್ನು ಹಿಡಿದು, ಗಳಿಸಿದ ರೀತಿಯೂ ವರ್ಗಾಯಿಸಿದ ರೀತಿಯೂ ಶುದ್ಧವಾಗಿದ್ದರೆ ಆಸ್ತಿಯ ವೈಷಮ್ಯದಲ್ಲಿ ಅನ್ಯಾಯವೇ ಇಲ್ಲವೆಂದು ಸಾಧಿಸಿದನು.

ಶ್ರೀರಂಗಪಟ್ಟಣದ ಹಳೆಯ ನಾಲೆಗಳ ರೈತನು ಈ ಗ್ರಂಥಗಳನ್ನು ಓದಿಲ್ಲದಿದ್ದರೂ ಈ ವಾದವನ್ನು ಬಲ್ಲನು. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಕಾವೇರಿಯ ಕವಲಿನ ಮೇಲೆ ಮೇಲ್ಗಾಲುವೆಯಾಗಿ ದಾಟಿ ದ್ವೀಪದೊಳಕ್ಕೆ ನೀರೊಯ್ಯುವ ಬಂಗಾರದೊಡ್ಡಿ ನಾಲೆ, ಇವುಗಳ ಅಚ್ಚುಕಟ್ಟುದಾರರು ತಮ್ಮ ಪಾಲು ದೊಡ್ಡ ಕಟ್ಟೆಗಿಂತ ಹಿರಿದೆಂದೂ, ಹಿಂದಿನಿಂದ ಬಂದುದೆಂದೂ ಹೇಳುವರು, ಅದು ಸುಳ್ಳಲ್ಲ. ಕನ್ನಂಬಾಡಿಯ ಬಳಿ ದೊರೆತ ಟೀಪೂ ಸುಲ್ತಾನನ 1794ರ ಪಾರಸಿ ಶಾಸನವೂ ಈ ಮನೋಧರ್ಮಕ್ಕೆ ಸೇರಿದ್ದೇ: ಅಲ್ಲಿ ಕಟ್ಟಲುದ್ದೇಶಿಸಿದ್ದ ಕಟ್ಟೆಯ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕನೆಯ ಒಂದಂಶದ ವಿನಾಯಿತಿಯನ್ನೂ, ನೆಲದ ಮೇಲೆ ವಂಶಪಾರಂಪರ್ಯವಾದ ಅಧಿಕಾರವನ್ನೂ ಅದು ವಾಗ್ದಾನ ಮಾಡುತ್ತದೆ. ದುಡಿದವನಿಗೆ ನೆಲ ಎಂಬ ಈ ನ್ಯಾಯದಲ್ಲಿ ಒಂದು ಗಾಂಭೀರ್ಯವಿದೆ.

ಆದರೂ ಪೂರ್ವಾಧಿಕಾರವೊಂದೇ ನ್ಯಾಯವಾದರೆ, ಮೊದಲು ಬಂದವನ ಮೊಮ್ಮಗನು ಕೊನೆಯವರೆಗೂ ಮೊದಲಿಗನಾಗಿಯೇ ಉಳಿಯುವನು. ಈ ವಾದದ ಕಹಿಯನ್ನು ಮೈಸೂರು ಸೀಮೆ ಸ್ವತಃ ಉಂಡಿದೆ. 1892ರ ಮತ್ತು 1924ರ ಒಪ್ಪಂದಗಳಲ್ಲಿ ತಂಜಾವೂರಿನ ಪುರಾತನ ನೀರಾವರಿಯ ಹೆಸರಿನಲ್ಲಿ ಮೇಲಿನ ಸಂಸ್ಥಾನದ ಕೈಯನ್ನು ಕಟ್ಟಿದಾಗ, ನಾವು ತಡವಾಗಿ ಬಂದೆವೆಂಬುದು ನಮ್ಮ ಅಪರಾಧವೆ ಎಂದು ನಮ್ಮ ಹಿರಿಯರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ತಂಜಾವೂರಿಗೆ ನಾವು ಹಾಕಿದ ಪ್ರಶ್ನೆಯನ್ನು ನಾಗಮಂಗಲವು ಶ್ರೀರಂಗಪಟ್ಟಣಕ್ಕೆ ಹಾಕಿದಾಗ ನಮ್ಮ ಉತ್ತರವೇನು? ಪೂರ್ವಾಧಿಕಾರವನ್ನು ಮೇಲಿನ ಮೆಟ್ಟಿಲಲ್ಲಿ ನಿರಾಕರಿಸಿ ಕೆಳಗಿನ ಮೆಟ್ಟಿಲಲ್ಲಿ ಪುರಸ್ಕರಿಸುವುದು ತರ್ಕಕ್ಕೆ ಒಪ್ಪತಕ್ಕದ್ದಲ್ಲ.

4

ಮೊತ್ತವೂ ಸಾಲದು, ಪೂರ್ವಾಧಿಕಾರವೂ ಸಾಲದು ಎಂದಮೇಲೆ ಮೂರನೆಯ ದಾರಿ ನಿಷ್ಪಕ್ಷಪಾತದ್ದು. 1971ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ರಾಲ್ಸನು ಒಂದು ಕಲ್ಪನೆಯನ್ನು ಮುಂದಿಟ್ಟನು. ಸಮಾಜದ ನಿಯಮಗಳನ್ನು ರಚಿಸುವವರು ಅಜ್ಞಾನದ ಒಂದು ತೆರೆಯ ಹಿಂದೆ ಕುಳಿತಿದ್ದಾರೆಂದು ಭಾವಿಸೋಣ. ತಾವು ಸಿರಿವಂತರೋ ಬಡವರೋ, ಯಾವ ಕುಲದವರೋ, ಬುದ್ಧಿವಂತರೋ ಮಂದರೋ ಎಂಬುದು ಅವರಿಗೆ ತಿಳಿಯದು. ಹಾಗೆ ಕುಳಿತವರು, ಎಲ್ಲಿ ಹೇಗೆ ಹುಟ್ಟಿದರೂ ತಮಗೆ ಬಾಳು ಅಸಹನೀಯವಾಗದಂತೆ, ಎಲ್ಲರಿಗೂ ಸಮಾನವಾದ ಮೂಲಸ್ವಾತಂತ್ರ್ಯಗಳನ್ನೂ, ಅವಕಾಶಗಳ ನಿಜವಾದ ಸಮಾನತೆಯನ್ನೂ, ಅತ್ಯಂತ ಹಿಂದುಳಿದವನಿಗೆ ಅನುಕೂಲವಾಗುವ ವೈಷಮ್ಯಗಳನ್ನು ಮಾತ್ರವೇ ಒಪ್ಪುವ ನಿಯಮವನ್ನೂ ಆರಿಸಿಕೊಳ್ಳುವರೆಂಬುದು ಅವನ ವಾದ.

ಈ ಕಲ್ಪನೆ ನಮ್ಮ ನಾಲೆಯ ಮೇಲೆ ಅದಕ್ಕೂ ಮುಂಚೆಯೇ ಕಾರ್ಯರೂಪ ತಾಳಿತ್ತೆಂದರೆ ಆಶ್ಚರ್ಯವಾಗಬಹುದು. ಮುಂಬಯಿ ಪ್ರಾಂತದಲ್ಲಿ ಸೇವೆಯಲ್ಲಿದ್ದಾಗಲೇ ವಿಶ್ವೇಶ್ವರಯ್ಯನವರು ರೂಪಿಸಿ, ತರುವಾಯ ಇರ್ವಿನ್ ನಾಲೆಗೆ ಅಳವಡಿಸಿದ ಬ್ಲಾಕ್ ಪದ್ಧತಿಯ ತಿರುಳೇನು? ಇದ್ದ ನೀರನ್ನು ನಾಲೆಯ ಮೊದಲ ಭಾಗದ ಕೆಲವೇ ಗ್ರಾಮಗಳು ಭತ್ತಕ್ಕೂ ಕಬ್ಬಿಗೂ ಹೀರಿ ಮುಗಿಸಿಬಿಡಬಾರದು. ಪ್ರತಿ ಗ್ರಾಮದ ಜಮೀನನ್ನೂ ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಭತ್ತ, ಅರೆಖುಷ್ಕಿ ಬೆಳೆಗಳನ್ನು ಮೂರು ವರ್ಷದ ಸರದಿಯಲ್ಲಿ ತಿರುಗಿಸಬೇಕು. ಹೀಗೆ ಕಡಮೆ ನೀರಿನಲ್ಲಿ ಹೆಚ್ಚು ಊರುಗಳು ಪಾಲು ಪಡೆಯಬೇಕು. ಒಂದೊಂದು ಗದ್ದೆಯೂ ಕಬ್ಬಿನ ಐಶ್ವರ್ಯವನ್ನೂ ರಾಗಿಯ ಸಂಯಮವನ್ನೂ ಸರದಿಯಂತೆ ಅನುಭವಿಸತಕ್ಕ ಈ ಏರ್ಪಾಟಿನಲ್ಲಿ, ತಾನು ತೂಬಿನ ಬಾಯಲ್ಲಿರುವೆನೋ ನಾಲೆಯ ಕೊನೆಯಲ್ಲಿರುವೆನೋ ತಿಳಿಯದ ರೈತನೊಬ್ಬನು ಒಪ್ಪಬಹುದಾದ ನ್ಯಾಯವಿತ್ತು. ಕಾಲಾಂತರದಲ್ಲಿ ಈ ಶಿಸ್ತು ಸಡಿಲಿತು. ಕಾರ್ಖಾನೆಯ ಆಸೆಯೂ ಭತ್ತದ ಅಭ್ಯಾಸವೂ ಸೇರಿ ಸರದಿಯನ್ನು ನುಂಗಿದವು. ಮದ್ದೂರು, ಮಳವಳ್ಳಿಗಳ ಕೊನೆ ಭಾಗದ ರೈತರು ಒಣಗಿದ ಕಾಲುವೆಯಲ್ಲಿ ನಿಂತು ಕೂಗುವುದು ವರ್ಷವರ್ಷದ ವಾರ್ತೆಯಾಯಿತು. ಮಳೆ ಕೊರತೆಯಾದ ಸಾಲಿನಲ್ಲಿ ಕಟ್ಟು ನೀರಿನ ಪದ್ಧತಿಯೆಂದು ಕೆಲವು ದಿನ ಬಿಟ್ಟು ಕೆಲವು ದಿನ ತಡೆಯುವುದು ಆ ಹಳೆಯ ಶಿಸ್ತಿನ ಅವಶೇಷವೇ ಸರಿ.

ನಾಲೆಗಿಂತಲೂ ಹಳೆಯದಾದ ಇನ್ನೊಂದು ಸಂಸ್ಥೆ ಕೆರೆಯ ನೀರುಗಂಟಿಯದು. ತೂಬೆತ್ತುವುದು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು, ಕೆರೆಯಲ್ಲಿ ನೀರು ಇಳಿದಾಗ ಯಾರಿಗೆ ಎಷ್ಟು ತಗ್ಗಿಸಬೇಕೆಂದು ನಿರ್ಣಯಿಸುವುದು, ಇವೆಲ್ಲ ಅವನ ಹೊಣೆ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಧಾನ್ಯದ ಆಯ ಸಲ್ಲುತ್ತಿತ್ತು. ಅವನು ಬಹುಮಟ್ಟಿಗೆ ದಲಿತ ಸಮುದಾಯದವನು, ಆ ಅಚ್ಚುಕಟ್ಟಿನಲ್ಲಿ ಸ್ವಂತದ ಗದ್ದೆ ಇಲ್ಲದವನು ಅಥವಾ ಅತ್ಯಲ್ಪವಾಗಿ ಉಳ್ಳವನು. ಸ್ವಂತದ ಪಾಲಿಲ್ಲದವನ ಕೈಯಲ್ಲಿಯೇ ಪಾಲು ಹಂಚುವ ಅಧಿಕಾರವನ್ನಿಟ್ಟ ಹಳ್ಳಿಯ ವಿವೇಕ ದೊಡ್ಡದು. ಆಡಂ ಸ್ಮಿತ್ತನು 1759ರ ತನ್ನ ನೀತಿಗ್ರಂಥದಲ್ಲಿ ಕಲ್ಪಿಸಿಕೊಂಡ ನಿಷ್ಪಕ್ಷಪಾತಿಯಾದ ಪ್ರೇಕ್ಷಕನು ನಮ್ಮ ಕೆರೆಯ ಏರಿಯ ಮೇಲೆ ಸನಿಕೆ ಹಿಡಿದು ನಿಂತಿದ್ದನೆನ್ನಬಹುದು.

ಆದರೆ ಪ್ರಶಂಸೆ ಇಲ್ಲಿಗೆ ನಿಂತರೆ ನಾವು ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ನೀರುಗಂಟಿಯು ನಿಷ್ಪಕ್ಷಪಾತಿಯಾಗಿದ್ದುದು ಏಕೆ? ಅವನಿಗೂ ಅವನ ಕೇರಿಗೂ ಅಚ್ಚುಕಟ್ಟಿನಲ್ಲಿ ನೆಲವಿಲ್ಲದಿದ್ದುದರಿಂದ. ಪ್ರತಿ ಗದ್ದೆಗೂ ನ್ಯಾಯವಾಗಿ ನೀರು ಹಂಚಿದವನು ತಾನು ಮಾತ್ರ ಆ ನ್ಯಾಯದ ಲೆಕ್ಕದಲ್ಲಿ ಬಾರದವನಾಗಿದ್ದನು. ಒಳಗಿನ ನ್ಯಾಯಕ್ಕೆ ಹೊರಗಿನ ಅನ್ಯಾಯವೇ ಆಧಾರವಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ಧತಿಯ ಕಾನೂನು ವಂಶಪಾರಂಪರ್ಯದ ಹುದ್ದೆಗಳನ್ನು ತೊಡೆದುಹಾಕಿತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಯೂ ಇಲ್ಲದೆ ಕೂಲಿಯಿಂದಲೇ ಬಾಳಿದವನ ಪಾಲಿಗೆ ಈ ಎರಡನೆಯ ಬಾಗಿಲೂ ಬಹುಪಾಲು ಮುಚ್ಚಿಯೇ ಇತ್ತು.

5

ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ರಾಲ್ಸನ ತೆರೆಯ ಹಿಂದೆ ಕುಳಿತವರಿಗೆ ತಮ್ಮ ಅಂತಸ್ತು ತಿಳಿಯದೆಂಬುದು ಸರಿ. ಆದರೆ ತಾವು ಯಾವ ಸಮಾಜದವರೆಂಬುದು ಮಾತ್ರ ಮೊದಲೇ ನಿಶ್ಚಯವಾಗಿರುತ್ತದೆ. ಹುಟ್ಟಿನಿಂದ ಒಳಬಂದು ಸಾವಿನಿಂದ ಹೊರಹೋಗುವ, ಉಳಿದ ಲೋಕದಿಂದ ಬೇರ್ಪಟ್ಟ ಸಮಾಜವೊಂದನ್ನು ಅವನು ಊಹಿಸಿಕೊಂಡನು. ಅಮರ್ತ್ಯ ಸೇನರು 2009ರ ತಮ್ಮ ಗ್ರಂಥದಲ್ಲಿ ಇದನ್ನು ಸಂವೃತವಾದ ನಿಷ್ಪಕ್ಷಪಾತವೆಂದು ಗುರುತಿಸಿ, ಗುಂಪಿನ ಹೊರಗಿನವರ ಕಣ್ಣನ್ನೂ ಕರೆತರುವ ವಿವೃತ ನಿಷ್ಪಕ್ಷಪಾತವನ್ನು ಸ್ಮಿತ್ತನಲ್ಲಿ ಕಂಡರು. ಆ ಸೂಚನೆಯನ್ನು ಹಿಡಿದು ನಮ್ಮ ಗಡಿಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ನಾಗಮಂಗಲದ ಗಡಿ. ಎತ್ತರದ ನೆಲಕ್ಕೆ ನೀರು ತಾನಾಗಿ ಹತ್ತುವುದಿಲ್ಲ. ಇದು ಇಂಜಿನಿಯರರ ದುರುದ್ದೇಶವಲ್ಲ, ಭೂಮಿಯ ಗುಣ ಎಂದು ಹೇಳುವುದುಂಟು. 1979ರಲ್ಲಿ ಗೊರೂರಿನ ಜಲಾಶಯ ಮುಗಿದ ಮೇಲೆ ಹೇಮಾವತಿಯ ನಾಲೆಗಳು ಕೃಷ್ಣರಾಜಪೇಟೆಯ ಕಡೆಗೂ ನಾಗಮಂಗಲದ ಕಡೆಗೂ ಚಾಚಿಕೊಂಡು ಈ ಕೊರತೆಯನ್ನು ಒಂದಷ್ಟು ತುಂಬಿದವೆಂಬುದನ್ನೂ ಒಪ್ಪೋಣ. ಆದರೆ ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದೀಚೆಗೆ ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರಿನಷ್ಟು ಎತ್ತರಕ್ಕೆ, ಕಾವೇರಿಯನ್ನು ಯಂತ್ರಗಳಿಂದ ಎತ್ತಿ ಬೆಂಗಳೂರಿಗೆ ಸಾಗಿಸಲಾಗುತ್ತಿದೆ. ಕುಡಿಯುವ ನೀರಿಗೂ ವ್ಯವಸಾಯದ ನೀರಿಗೂ ಅಳತೆಯಲ್ಲಿ ಅಂತರವಿದೆ, ವೆಚ್ಚದ ಲೆಕ್ಕವೂ ಬೇರೆ, ನಿಜ. ಆದರೂ ಕೇಳುವವನ ದನಿ ಗಟ್ಟಿಯಾಗಿದ್ದರೆ ಭೂಮಿಯ ಗುಣವನ್ನು ಮೀರುವ ಮಾರ್ಗ ಹೊಳೆಯುತ್ತದೆಂಬುದು ಇದರಿಂದ ಸಿದ್ಧವಾಯಿತು. ನಾಗಮಂಗಲದಿಂದ ಗುಳೆ ಹೋದವನು ಊರಿನಲ್ಲಿ ಕಾಣದ ಕಾವೇರಿಯನ್ನು ರಾಜಧಾನಿಯ ಕೊಳಾಯಿಯಲ್ಲಿ ಕಾಣುವನು.

ಗಡಿಯ ಪ್ರಶ್ನೆಯನ್ನು ದೇಶದ ಪರಮೋಚ್ಚ ನ್ಯಾಯಾಲಯವೇ ಎದುರಿಸಬೇಕಾಯಿತು. 1990ರಲ್ಲಿ ರಚಿತವಾದ ಕಾವೇರಿ ನ್ಯಾಯಾಧಿಕರಣವು 2007ರ ಫೆಬ್ರವರಿ 5ರಂದು ಕೊಟ್ಟ ಅಂತಿಮ ತೀರ್ಪಿನಲ್ಲಿ, ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳಕ್ಕೆ ಸೇರಿದುದೆಂಬ ಕಾರಣದಿಂದ ನಗರದ ಪಾಲನ್ನು ಕುಗ್ಗಿಸಿತ್ತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಗೆರೆಯನ್ನು ಒಪ್ಪದೆ, ನಗರಕ್ಕಾಗಿ 4.75 ಟಿಎಂಸಿಯನ್ನೂ, ತಮಿಳುನಾಡಿನ ಅಂತರ್ಜಲವನ್ನು ಗಣಿಸಿ 10 ಟಿಎಂಸಿಯನ್ನೂ ಕರ್ನಾಟಕದ ಪಾಲಿಗೆ ಸೇರಿಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡತಕ್ಕ ಪ್ರಮಾಣವನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಅಂತರರಾಜ್ಯ ನದಿಯು ಯಾವೊಂದು ರಾಜ್ಯದ ಸ್ವತ್ತೂ ಅಲ್ಲವೆಂದು ಸಾರಿತು. ಅಂಕಿಗಳ ಬಗೆಗೆ ಎರಡೂ ದಡಗಳಲ್ಲಿ ಅಸಮಾಧಾನವಿರಬಹುದು. ಆದರೆ ತತ್ತ್ವದ ದೃಷ್ಟಿಯಿಂದ ಆ ತೀರ್ಪಿನ ಮಹತ್ತ್ವವು, ಮನುಷ್ಯನ ಬಾಯಾರಿಕೆಯೆದುರು ನಕ್ಷೆಯ ಗೆರೆ ಪರಮಪ್ರಮಾಣವಲ್ಲವೆಂದು ಒಪ್ಪಿದುದರಲ್ಲಿದೆ. ಬೆಂಗಳೂರಿಗೆ ಸಂದ ಈ ತರ್ಕವನ್ನು ಅದಕ್ಕಿಂತ ದುರ್ಬಲರಾದವರಿಗೂ ಸಲ್ಲಿಸುವೆವೆ?

ಎರಡನೆಯ ಗಡಿ ಅವಕಾಶದ್ದು. ಕಟ್ಟೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿಯೇ, 1918ರಲ್ಲಿ, ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಮಹಾರಾಜರು ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲೆರಡು ಭಾಗವೂ ಬ್ರಾಹ್ಮಣೇತರರಿಗೆ ಸಲ್ಲಬೇಕೆಂದು 1919ರ ಅದರ ವರದಿ ಸೂಚಿಸಿತು. ಅರ್ಹತೆಯ ಪಕ್ಷವನ್ನು ಹಿಡಿದ ದಿವಾನ ವಿಶ್ವೇಶ್ವರಯ್ಯನವರು ಈ ವಿಷಯದ ಭಿನ್ನಾಭಿಪ್ರಾಯದ ನಡುವೆ ಅಧಿಕಾರವನ್ನು ತ್ಯಜಿಸಿದರು. ನಾಲೆಯ ಮೊದಲ ಭಾಗದವನು ನೀರೆಲ್ಲವನ್ನೂ ಹೀರಬಾರದೆಂದು ಸರದಿಯನ್ನು ವಿಧಿಸಿದ ಮಹಾಮೇಧಾವಿಯು, ವಿದ್ಯೆಯ ತೂಬಿನ ಬಾಯಲ್ಲಿ ಶತಮಾನಗಳಿಂದ ಕುಳಿತವರ ವಿಷಯದಲ್ಲಿ ಅದೇ ನ್ಯಾಯವನ್ನು ಕಾಣದೆ ಹೋದುದು, ಗಡಿಯೆಂಬುದು ಎಂತಹ ಪ್ರಾಮಾಣಿಕನ ದೃಷ್ಟಿಗೂ ಅಡ್ಡಬರಬಲ್ಲುದೆಂಬುದಕ್ಕೆ ಸಾಕ್ಷಿ. ಅವರ ಪ್ರಾಮಾಣಿಕತೆಯನ್ನು ಶಂಕಿಸುವ ಉದ್ದೇಶ ನನಗೆ ಲವಲೇಶವೂ ಇಲ್ಲ.

ಮೂರನೆಯದು ಮನೆಯೊಳಗಿನ ಗಡಿ. ಹೇಳಲು ನಾಲಗೆ ಹಿಂಜರಿಯುತ್ತದೆ. ನೀರು ನೆಲವನ್ನು ಹಿಂಬಾಲಿಸಿತು, ನೆಲ ಗಂಡುಮಗನನ್ನು ಹಿಂಬಾಲಿಸಿತು. 2023ರ ಕೊನೆಯಲ್ಲಿ ಮಂಡ್ಯದ ಸಮೀಪದ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ತಾಣದಲ್ಲಿ, ಭ್ರೂಣದ ಲಿಂಗಪತ್ತೆ ಗುಟ್ಟಾಗಿ ನಡೆಯುತ್ತಿತ್ತೆಂಬುದು ಹೊರಬಿದ್ದಾಗ ನಾಡು ಬೆಚ್ಚಿತು. ಕಬ್ಬಿನ ಟನ್ನುಗಳನ್ನೂ ಭತ್ತದ ಕ್ವಿಂಟಾಲುಗಳನ್ನೂ ಕೂಡಿ ಕ್ಷೇಮವೆಂದು ಬರೆದುಕೊಳ್ಳುವ ಲೆಕ್ಕದಲ್ಲಿ, ಹುಟ್ಟಲು ಬಿಡದ ಹೆಣ್ಣುಮಗುವಿಗೆ ಕಲಮೇ ಇಲ್ಲ. ಇಲ್ಲದವಳ ದುಃಖವನ್ನು ಯಾವ ಸುಖದ ಮೊತ್ತವೂ ಎಣಿಸಲಾರದು. ಕಾಣೆಯಾದ ಹೆಂಗಸರನ್ನು ಕುರಿತು ಸೇನರು 1990ರಲ್ಲಿ ಬರೆದ ಲೇಖನವು ಲೋಕದ ಕಣ್ಣು ತೆರೆಸಿದುದು, ಹತ್ತು ಕೋಟಿಗೂ ಮಿಗಿಲಾದ ಈ ಎಣಿಕೆಯ ಲೋಪವನ್ನು ತೋರಿದುದರಿಂದ.

6

ಇಲ್ಲಿ ಒಂದು ಆಕ್ಷೇಪ ಬರಬಹುದು, ಬರತಕ್ಕದ್ದೂ ಹೌದು. ಗಡಿಯನ್ನೇ ಎಳೆಯದೆ ಹಂಚುವುದು ಸಾಧ್ಯವೆ? ನೀರು ಪರಿಮಿತ, ಕೇಳುವವರು ಅಪರಿಮಿತ. ಎಲ್ಲರನ್ನೂ ಪಾಲುದಾರರೆಂದರೆ ಪ್ರತಿಯೊಬ್ಬನಿಗೂ ಒಂದು ಬೊಗಸೆ ದೊರೆತು ಯಾವ ಗದ್ದೆಯೂ ನೆನೆಯದು. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಸೇನರೇ ಹೇಳುವ ಕೊಳಲಿನ ದೃಷ್ಟಾಂತದಲ್ಲಿ, ಒಂದೇ ಕೊಳಲಿಗಾಗಿ ಮೂವರು ಮಕ್ಕಳು ಹಟ ಹಿಡಿಯುವರು: ಒಬ್ಬರಿಗೆ ನುಡಿಸಲು ಬರುತ್ತದೆ, ಒಬ್ಬರಿಗೆ ಬೇರೆ ಆಟಿಕೆ ಇಲ್ಲ, ಒಬ್ಬರು ಅದನ್ನು ಮಾಡಿದವರು. ನೀರನ್ನು ಚಿನ್ನವಾಗಿಸಬಲ್ಲ ನಾಲೆಯ ಬಯಲು, ಬೇರೆ ಗತಿಯಿಲ್ಲದ ನಾಗಮಂಗಲ, ತನ್ನ ಊರನ್ನೇ ಕೊಟ್ಟು ಕಟ್ಟೆಯನ್ನು ಸಾಧ್ಯವಾಗಿಸಿದ ಕನ್ನಂಬಾಡಿ, ಇವರ ಮೂರು ವಾದಗಳಲ್ಲಿ ಯಾವುದೂ ಹುಸಿಯಲ್ಲ. ಪರಿಪೂರ್ಣ ನ್ಯಾಯದ ಒಂದೇ ಸೂತ್ರ ದೊರೆಯದಿರಬಹುದು; ಎದ್ದು ಕಾಣುವ ಅನ್ಯಾಯವನ್ನು ತಗ್ಗಿಸುವ ದಾರಿ ದೊರೆಯದಿರಲಾರದು.

ಆ ದಾರಿಗೆ ಮೂರು ಕಟ್ಟಳೆಗಳನ್ನು ನಾನು ಸೂಚಿಸುತ್ತೇನೆ. ಮೊದಲನೆಯದಾಗಿ, ಗಡಿಯನ್ನು ಎಳೆದವನು ಅದರ ಕಾರಣವನ್ನು ಹೊರಗುಳಿದವನೆದುರಿಗೆ ಹೇಳಬೇಕು. ಒಳಗಿನವರ ಸಭೆಯಲ್ಲಿ ಮಾತ್ರ ಹೇಳಲಾಗುವ ಕಾರಣವು ಕಾರಣವಲ್ಲ, ಅನುಕೂಲ. ನಾಲೆಯ ಸಲಹಾ ಸಭೆಗಳಲ್ಲಿ ಕೊನೆ ಭಾಗದವನೂ ಭೂಹೀನನೂ ಮಹಿಳೆಯೂ ಮಾತಾಡುವ ಹಕ್ಕುಳ್ಳವರಾಗಿ ಕುಳಿತಿರಬೇಕೆಂಬುದು ಇದರ ತಾತ್ಪರ್ಯ.

ಎರಡನೆಯದಾಗಿ, ಕ್ಷೇಮವನ್ನು ಕೊನೆಯಿಂದ ಅಳೆಯಬೇಕು. ರಸ್ಕಿನ್ನನ ಗ್ರಂಥವನ್ನು 1904ರಲ್ಲಿ ಓದಿ ಅದರ ಸಾರವನ್ನು ಸರ್ವೋದಯವೆಂದು ಕರೆದ ಗಾಂಧೀಜಿಯವರು, ಬಹುಸಂಖ್ಯೆಯ ಸುಖವೆಂಬ ಮಾತಿನಲ್ಲಿ ಅಲ್ಪಸಂಖ್ಯೆಯ ಬಲಿ ಅಡಗಿದೆಯೆಂದು ಕಂಡುಕೊಂಡರು. ಕನ್ನಂಬಾಡಿ ಜಲಾಶಯದ ಮಟ್ಟ 124.80 ಅಡಿ ಮುಟ್ಟಿತೆಂದು ಬಾಗಿನ ಅರ್ಪಿಸುವ ನಾವು, ಕಟ್ಟಕಡೆಯ ತೂಬಿಗೆ ನೀರು ಎಷ್ಟನೆಯ ದಿನ ಮುಟ್ಟಿತೆಂಬುದನ್ನೂ ಅಷ್ಟೇ ಪ್ರಮುಖವಾಗಿ ಪ್ರಕಟಿಸುವ ಪದ್ಧತಿಯನ್ನಿಟ್ಟುಕೊಂಡರೆ, ನಾಲೆಯ ಆಡಳಿತದ ಸ್ವರೂಪವೇ ಬದಲಾದೀತು.

ಮೂರನೆಯದಾಗಿ, ಗಡಿಯೊಳಗೆ ಸೇರಿಸಲಾಗದವನಿಗೆ ಗಡಿಯೊಳಗಿನ ಲಾಭದಲ್ಲಿ ಪಾಲು ಸಲ್ಲಬೇಕು. ಕಾಲ್ಡರ್ ಮತ್ತು ಹಿಕ್ಸರು ಕೊಡಬಹುದೆಂದುದನ್ನು ನಾವು ಕೊಡಬೇಕೆಂದು ತಿದ್ದಿಕೊಳ್ಳಬೇಕು. ನಾಲೆ ಹತ್ತದ ಊರಿಗೆ ಶಾಲೆ ಹತ್ತಬಹುದು, ಆಸ್ಪತ್ರೆ ಹತ್ತಬಹುದು, ಕೆರೆಯ ಹೂಳೆತ್ತುವ ಹಣ ಹತ್ತಬಹುದು. ಮನುಷ್ಯನ ಕ್ಷೇಮವು ಅವನಲ್ಲಿರುವ ವಸ್ತುವಿನಲ್ಲಲ್ಲ, ಅವನು ಏನಾಗಬಲ್ಲನು, ಏನು ಮಾಡಬಲ್ಲನು ಎಂಬ ಸಾಮರ್ಥ್ಯದಲ್ಲಿದೆಯೆಂದು ಸೇನರು ಹೇಳುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 2013ರ ಅನ್ನಭಾಗ್ಯ, 2023ರ ಗೃಹಲಕ್ಷ್ಮಿಯಂತಹ ಯೋಜನೆಗಳ ವೆಚ್ಚವನ್ನೂ ಆಡಳಿತವನ್ನೂ ಕುರಿತು ವಾದಗಳಿರಬಹುದು, ಇರಲಿ. ಆದರೆ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೇರವಾಗಿ ಬರುವುದೆಂದರೆ, ನೆಲದ ಒಡೆತನವನ್ನು ಕೇಳದೆ ಪಾಲು ಕೊಡುವ ಕ್ರಮವೊಂದು ಈ ಸೀಮೆಯಲ್ಲಿ ಕಾಲಿಟ್ಟಿತೆಂದೇ ಅರ್ಥ. ನೀರು ಕೊಟ್ಟ ಸೌಭಾಗ್ಯವು ನೆಲವುಳ್ಳವರನ್ನು ಮಾತ್ರ ಗುರುತಿಸಿದ ಜಿಲ್ಲೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಮಹನೀಯರೆ, ನ್ಯಾಯವನ್ನು ಕುರಿತ ಸಿದ್ಧಾಂತಗಳು ಒಂದನ್ನೊಂದು ಖಂಡಿಸುತ್ತ ಬೆಳೆದಿವೆ, ಮುಂದೆಯೂ ಬೆಳೆಯುವುವು. ಅವುಗಳಲ್ಲಿ ಯಾವುದನ್ನು ಆಶ್ರಯಿಸಿದರೂ ನಾವು ಮೊದಲು ಕೇಳಬೇಕಾದ ಪ್ರಶ್ನೆ, ಈ ಲೆಕ್ಕದಲ್ಲಿ ಯಾರನ್ನು ಸೇರಿಸಿಲ್ಲ ಎಂಬುದು. ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಪಂಡಿತನಿಗೆ ಮಾತ್ರ ಇದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ನಾಲೆಯ ಸಭೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಆಸ್ತಿಯ ಪಾಲುಪಟ್ಟಿ ಬರೆಯುವ ಮನೆಯ ಜಗಲಿಯಲ್ಲಿ ಕುಳಿತ ಪ್ರತಿಯೊಬ್ಬನಿಗೂ ಅದರ ಅಧಿಕಾರವಿದೆ, ಹೊಣೆಯೂ ಇದೆ.